ಉಂಗುರ ಒಡೆಯುವ ಕಿಣ್ವಗಳು

1940ರ ಡಿಸೆಂಬರ್ 28ರ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರ ಅಚ್ಚಾಯಿತು. ಬರೆದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್ಸ್ಟ್ ಚೈನ್. ನಮ್ಮ ಕರುಳಿನಲ್ಲಿ ಸದಾ ಇರುವ, ಇಂದು ಇ. ಕೋಲೈ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ಅರೆದು, ಅದರ ರಸವನ್ನು ಪೆನಿಸಿಲಿನ್ನಿಗೆ ಬೆರೆಸಿದರೆ ಪೆನಿಸಿಲಿನ್ ನಿಷ್ಕ್ರಿಯವಾಗುತ್ತದೆ, ಹಾಗೆ ಮಾಡುವುದು ಒಂದು ಕಿಣ್ವ ಎಂಬುದು ಪತ್ರದ ಸಾರ. ಆ ಕಿಣ್ವಕ್ಕೆ ಅವರು ಪೆನಿಸಿಲಿನೇಸ್ ಎಂದು ಹೆಸರಿಟ್ಟರು. ಸೋಂಕಿಗಾಗಿ ಶುದ್ಧೀಕರಿಸಿದ ಪೆನಿಸಿಲಿನ್ನಿನ ಚುಚ್ಚುಮದ್ದು ಪಡೆದ ಮೊದಲ ರೋಗಿ ಆಕ್ಸ್‌ಫರ್ಡಿನ ಒಬ್ಬ ಪೊಲೀಸ್ ಪೇದೆ. ಅದು ನಡೆದದ್ದು 1941ರ ಫೆಬ್ರವರಿಯಲ್ಲಿ. ಔಷಧಿ ರೋಗಿಯ ರಕ್ತಕ್ಕೆ ಇಳಿಯುವ ಆರು ವಾರ ಮೊದಲೇ ಅದನ್ನು ಒಡೆಯುವ ಕಿಣ್ವದ ವರದಿ ಪ್ರಕಟವಾಗಿತ್ತು. ಈ ಎರಡು ದಿನಾಂಕಗಳ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರತಿರೋಧದ ಬಗ್ಗೆ ನಾವು ರೂಢಿಯಿಂದ ಹೇಳುವ ಕಥೆ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾಗಳು ನಮ್ಮ ಔಷಧಿಯನ್ನು ಕಂಡು, ಅದಕ್ಕೆ ಒಗ್ಗಿಕೊಂಡು, ಹೊಸ ಉಪಾಯ ಕಲಿತವು ಎಂಬುದು ಆ ಕಥೆ. ಕಿಣ್ವವಂತೂ ಮೊದಲೇ ಇತ್ತು. ನಾವು ಹೊಸದಾಗಿ ಒದಗಿಸಿದ್ದು ಎರಡು ಸಂಗತಿಗಳನ್ನು: ಆ ಕಿಣ್ವ ಇದ್ದವು ಮಾತ್ರ ಉಳಿಯುವಂಥ ಪರಿಸರ, ಮತ್ತು ಆ ಕಿಣ್ವದ ಜೀನ್ ಒಂದು ಜೀವಿಯಿಂದ ಇನ್ನೊಂದಕ್ಕೆ, ಒಂದು ದೇಹದಿಂದ ಇನ್ನೊಂದಕ್ಕೆ ಸಾಗುವ ದಾರಿ. ಮೊದಲನೆಯದರ ಬಗ್ಗೆ ಸಾಕಷ್ಟು ಮಾತನಾಡಿದ್ದೇವೆ. ಎರಡನೆಯದನ್ನು ಕಡೆಗಣಿಸಿದ್ದೇವೆ, ಅದಕ್ಕಾಗಿ ಈಗ ಬೆಲೆ ತೆರುತ್ತಿದ್ದೇವೆ ಎಂಬುದು ಈ ಅಧ್ಯಾಯದ ವಾದ.

ಕಿಣ್ವ ಮಾಡುವ ಕೆಲಸ ಏನೆಂದು ತಿಳಿಯಲು ಪೆನಿಸಿಲಿನ್ ಮಾಡುವ ಕೆಲಸವನ್ನು ಮೊದಲು ನೋಡಬೇಕು. ಬ್ಯಾಕ್ಟೀರಿಯಾದ ಒಳಗೆ ಒತ್ತಡ ಹೆಚ್ಚು; ಅದು ಸಿಡಿಯದಂತೆ ಹಿಡಿದಿಡುವುದು ಸುತ್ತಲಿನ ಕೋಶಭಿತ್ತಿ. ಈ ಭಿತ್ತಿ ಸಕ್ಕರೆಯ ಉದ್ದ ಸರಪಳಿಗಳನ್ನು ಅಮೈನೋ ಆಮ್ಲಗಳ ಗಿಡ್ಡ ಕೊಂಡಿಗಳಿಂದ ಅಡ್ಡಡ್ಡ ಬೆಸೆದು ಮಾಡಿದ ಬಲೆ. ಬೆಸೆಯುವ ಕೆಲಸಕ್ಕೆ ಕೆಲವು ಪ್ರೋಟೀನುಗಳಿವೆ. ಕೊಂಡಿಯ ತುದಿಯಲ್ಲಿರುವ ಎರಡು ಅಲನಿನ್ ಘಟಕಗಳನ್ನು ಅವು ಗುರುತಿಸಿ, ಹಿಡಿದು, ಒಂದನ್ನು ಕಳಚಿ, ಪಕ್ಕದ ಸರಪಳಿಗೆ ಜೋಡಿಸುತ್ತವೆ. ಪೆನಿಸಿಲಿನ್ ಅಣುವಿನ ಆಕಾರ ಆ ತುದಿಯನ್ನೇ ಹೋಲುತ್ತದೆ ಎಂದು ಡೊನಾಲ್ಡ್ ಟಿಪ್ಪರ್ ಮತ್ತು ಜ್ಯಾಕ್ ಸ್ಟ್ರೋಮಿಂಗರ್ 1965ರಲ್ಲಿ ಸೂಚಿಸಿದರು. ಬೆಸೆಯುವ ಪ್ರೋಟೀನು ಮೋಸಹೋಗಿ ಪೆನಿಸಿಲಿನ್ನನ್ನು ಹಿಡಿಯುತ್ತದೆ. ಇಲ್ಲಿ ಪೆನಿಸಿಲಿನ್ನಿನ ಒಂದು ವಿಶೇಷ ಭಾಗ ಕೆಲಸಕ್ಕೆ ಬರುತ್ತದೆ. ಮೂರು ಇಂಗಾಲ, ಒಂದು ಸಾರಜನಕ ಸೇರಿ ಆದ ನಾಲ್ಕೇ ಪರಮಾಣುಗಳ ಪುಟ್ಟ ಉಂಗುರ ಅದು, ಹೆಸರು ಬೀಟಾ-ಲ್ಯಾಕ್ಟಮ್. ಪೆನಿಸಿಲಿನ್ನಿನಲ್ಲಿ ಈ ಉಂಗುರ ಇದೆ ಎಂಬುದನ್ನು ಎಕ್ಸ್-ರೇ ಮೂಲಕ ಖಚಿತಪಡಿಸಿದವರು ಡೊರೊಥಿ ಹಾಡ್ಜ್‌ಕಿನ್, 1945ರಲ್ಲಿ. ಪರಮಾಣುಗಳು ಒಪ್ಪುವ ಕೋನಕ್ಕಿಂತ ತೀರ ಬಿಗಿಯಾಗಿ ಬಾಗಿರುವುದರಿಂದ, ಬಗ್ಗಿಸಿ ಕಟ್ಟಿದ ಬಿದಿರ ಸೀಳಿನ ಹಾಗೆ, ಅದು ಬಿಚ್ಚಿಕೊಳ್ಳಲು ಕಾದಿರುತ್ತದೆ. ಪ್ರೋಟೀನಿನ ಸೆರಿನ್ ಎಂಬ ಘಟಕ ತಾಗಿದ ಕೂಡಲೇ ಉಂಗುರ ಬಿಚ್ಚಿ ಪ್ರೋಟೀನಿಗೆ ಬಲವಾಗಿ ಅಂಟುತ್ತದೆ, ಗಂಟೆಗಟ್ಟಲೆ ಬಿಡುವುದಿಲ್ಲ. ಭಿತ್ತಿಯ ಕೆಲಸ ನಿಲ್ಲುತ್ತದೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಭಿತ್ತಿ ಇಲ್ಲ, ಹಾಗಾಗಿ ಔಷಧಿ ನಮ್ಮ ಕೋಶಗಳನ್ನು ಮುಟ್ಟುವುದಿಲ್ಲ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫ್‌ಟ್ರಯಾಕ್ಸೋನ್, ಮೆರೊಪೆನೆಮ್ ಹೀಗೆ ಇಂದು ಆಸ್ಪತ್ರೆಯಲ್ಲಿ ಕೇಳಿಬರುವ ಹೆಸರುಗಳಲ್ಲಿ ಬಹುಪಾಲು ಈ ಒಂದೇ ಉಂಗುರದ ಸುತ್ತ ಕಟ್ಟಿದವು.

ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವಗಳ ಇಡೀ ಬಳಗ ಮಾಡುವುದು ಒಂದೇ ಕೆಲಸ: ಆ ಉಂಗುರವನ್ನು ಔಷಧಿ ಗುರಿ ತಲುಪುವ ಮೊದಲೇ ಒಡೆಯುವುದು. ಬಳಗದ ದೊಡ್ಡ ಭಾಗ ಇದಕ್ಕೆ ಬಳಸುವುದು ಭಿತ್ತಿ ಬೆಸೆಯುವ ಪ್ರೋಟೀನಿನ ತಂತ್ರವನ್ನೇ. ಅದೇ ಸೆರಿನ್, ಅದೇ ಹಿಡಿತ, ಅದೇ ಬಿಚ್ಚಿದ ಉಂಗುರ. ವ್ಯತ್ಯಾಸ ಕೊನೆಯ ಹೆಜ್ಜೆಯಲ್ಲಿದೆ. ಕಿಣ್ವವು ಪಕ್ಕದಲ್ಲೇ ಒಂದು ನೀರಿನ ಅಣುವನ್ನು ಸಿದ್ಧವಾಗಿಟ್ಟುಕೊಂಡು, ಅಂಟಿದ ಔಷಧಿಯನ್ನು ಕ್ಷಣಾರ್ಧದಲ್ಲಿ ಕಳಚಿ ಎಸೆದು, ಮುಂದಿನ ಅಣುವಿಗೆ ತಯಾರಾಗುತ್ತದೆ. ಟಿಇಎಂ-1 ಎಂಬ ಕಿಣ್ವದ ಒಂದೇ ಅಣು ಸೆಕೆಂಡಿಗೆ ಸಾವಿರದಷ್ಟು ಪೆನಿಸಿಲಿನ್ ಅಣುಗಳನ್ನು ಒಡೆಯಬಲ್ಲದು. ಬೆಸೆಯುವ ಪ್ರೋಟೀನುಗಳಿಗೂ ಈ ಕಿಣ್ವಗಳಿಗೂ ಮಡಿಕೆಯ ರಚನೆಯಲ್ಲಿ ಎಷ್ಟು ಹೋಲಿಕೆ ಇದೆಯೆಂದರೆ, ಎರಡಕ್ಕೂ ಪೂರ್ವಜ ಒಂದೇ ಎಂಬುದರಲ್ಲಿ ಇಂದು ವಿಜ್ಞಾನಿಗಳಿಗೆ ಸಂಶಯವಿಲ್ಲ. ಎರಡೂ ಕವಲೊಡೆದದ್ದು ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ಎಂಬುದು ಜೀನ್‌ಗಳ ಹೋಲಿಕೆಯಿಂದ ಮಾಡಿದ ಅಂದಾಜು. ಅಂದಾಜಿನ ಮಾತು ಬೇಡ, ಕೈಗೆ ಸಿಗುವ ಪುರಾವೆ ಬೇಕು ಎನ್ನುವವರಿಗೆ ಕೆನಡಾದ ಯೂಕಾನ್ ಪ್ರದೇಶದ ಹೆಪ್ಪುಗಟ್ಟಿದ ಮಣ್ಣಿದೆ. 30,000 ವರ್ಷಗಳಿಂದ ಕರಗದ ಆ ಮಣ್ಣಿನಿಂದ ತೆಗೆದ ಡಿಎನ್‌ಎಯಲ್ಲಿ ಬೀಟಾ-ಲ್ಯಾಕ್ಟಮೇಸ್ ಜೀನ್‌ಗಳು ಇದ್ದವೆಂದು 2011ರಲ್ಲಿ ಪ್ರಕಟವಾಯಿತು. ಇದರಲ್ಲಿ ಅಚ್ಚರಿಪಡುವಂಥದ್ದೂ ಇಲ್ಲ. ಪೆನಿಸಿಲಿನ್ ನಮ್ಮ ಸೃಷ್ಟಿಯಲ್ಲ, ಬೂಜಿನದು. ಅದೇ ಉಂಗುರವಿರುವ ಇತರ ಅಣುಗಳನ್ನು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಯುಗಯುಗಗಳಿಂದ ತಯಾರಿಸುತ್ತ ಬಂದಿವೆ. ಈ ಉಂಗುರ ಇದ್ದಲ್ಲೆಲ್ಲ ಅದನ್ನು ಒಡೆಯುವ ಕಿಣ್ವಕ್ಕೂ ಬೇಡಿಕೆ ಇತ್ತು.

ಹಾಗಿದ್ದರೆ ಪ್ರತಿರೋಧ ನಿಸರ್ಗಸಹಜ, ಮನುಷ್ಯನ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ಉತ್ತರ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯಲ್ಲೇ ಸಿಕ್ಕಿತು. ಗಾಯಗಳಲ್ಲಿ ಕೀವು ತರಿಸುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಮೇರಿ ಬಾರ್ಬರ್ ಅಲ್ಲಿ ವರ್ಷದಿಂದ ವರ್ಷಕ್ಕೆ ಪರೀಕ್ಷಿಸುತ್ತಿದ್ದರು. 1946ರಲ್ಲಿ ಸುಮಾರು ಏಳರಲ್ಲಿ ಒಂದು ಮಾದರಿ ಪೆನಿಸಿಲಿನ್ನಿಗೆ ಬಗ್ಗುತ್ತಿರಲಿಲ್ಲ. 1948ರ ಹೊತ್ತಿಗೆ ಆ ಪ್ರಮಾಣ ಅರ್ಧವನ್ನು ದಾಟಿತು. ಇದಕ್ಕಿಂತ ಮುಖ್ಯವಾದದ್ದು ಆಕೆ ಕಂಡುಕೊಂಡ ಕಾರಣ. ಔಷಧಿಗೆ ಬಗ್ಗುತ್ತಿದ್ದ ತಳಿಗಳು ರೋಗಿಯ ಮೈಯಲ್ಲಿ ಚಿಕಿತ್ಸೆಯ ನಡುವೆ ಬದಲಾಗಿ ಬಿಡುತ್ತಿರಲಿಲ್ಲ. ಪೆನಿಸಿಲಿನೇಸ್ ಹೊತ್ತ ತಳಿಯೊಂದು ವಾರ್ಡಿನಿಂದ ವಾರ್ಡಿಗೆ, ರೋಗಿಯಿಂದ ರೋಗಿಗೆ ಹಬ್ಬುತ್ತಿತ್ತು. ಪೆನಿಸಿಲಿನ್ ಅದರ ಎದುರಾಳಿಗಳನ್ನು ಕೊಂದು ಜಾಗ ಖಾಲಿ ಮಾಡಿಕೊಟ್ಟಿತು. ಕೈಗಳು, ಹಾಸಿಗೆಗಳು, ಗಾಯ ಕಟ್ಟುವ ಬಟ್ಟೆಗಳು ಅದನ್ನು ಹೊತ್ತು ತಿರುಗಿದವು. ಔಷಧಿ ಆಯ್ಕೆ ಮಾಡುತ್ತದೆ, ಆದರೆ ಸಾಗಿಸುವುದು ಆಸ್ಪತ್ರೆ. ಎಂಬತ್ತು ವರ್ಷ ಹಳೆಯದಾದ ಈ ತಿಳಿವಳಿಕೆಯನ್ನು ನಾವು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. (ಪ್ರತಿರೋಧವೆಲ್ಲವೂ ಕಿಣ್ವದಿಂದಲೇ ಬರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪೆನಿಸಿಲಿನೇಸ್‌ಗೆ ಸಿಗದ ಮೆಥಿಸಿಲಿನ್ ಬಂದ ಮೇಲೆ, 1961ರಲ್ಲಿ ಕಾಣಿಸಿಕೊಂಡ ಸ್ಟ್ಯಾಫಿಲೊಕಾಕಸ್ ಔಷಧಿಯನ್ನು ಒಡೆಯಲಿಲ್ಲ, ಔಷಧಿ ಹಿಡಿಯಲಾಗದ ಹೊಸ ಬೆಸೆಯುವ ಪ್ರೋಟೀನನ್ನೇ ತಂದುಕೊಂಡಿತು. ಆದರೆ ಇಂದು ಐಸಿಯುಗಳನ್ನು ಹೆಚ್ಚು ಕಾಡುತ್ತಿರುವ ಇ. ಕೋಲೈ, ಕ್ಲೆಬ್ಸಿಯೆಲಾಗಳಲ್ಲಿ ಮುಖ್ಯ ಪಾತ್ರ ಕಿಣ್ವಗಳದೇ.)

ವಾರ್ಡುಗಳಲ್ಲಿ ಒಂದು ತಳಿ ಹಬ್ಬುವುದು ಕಥೆಯ ಮೊದಲ ಭಾಗ. ಎರಡನೆಯ ಭಾಗದಲ್ಲಿ ತಳಿಯೇ ಹಬ್ಬಬೇಕಾಗಿಲ್ಲ, ಜೀನ್ ಹಬ್ಬಿದರೆ ಸಾಕು. ಜಪಾನಿನ ಸಂಶೋಧಕರು 1959ರಲ್ಲಿ, ರಕ್ತಭೇದಿ ತರುವ ಶಿಗೆಲ್ಲಾಕ್ಕೆ ಇ. ಕೋಲೈಯಿಂದ ಹಲವು ಔಷಧಿಗಳ ಪ್ರತಿರೋಧ ಒಟ್ಟಿಗೇ ವರ್ಗವಾಗುವುದನ್ನು ತೋರಿಸಿದರು. ವರ್ಗಾವಣೆಯ ವಾಹನ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಹೊರಗೆ ಸ್ವತಂತ್ರವಾಗಿ ಇರುವ, ಒಂದರಿಂದ ಇನ್ನೊಂದಕ್ಕೆ ನಕಲಾಗಿ ಹೋಗುವ ಪುಟ್ಟ ಡಿಎನ್‌ಎ ಬಳೆ. ಆಂಪಿಸಿಲಿನ್ 1961ರಲ್ಲಿ ಮಾರುಕಟ್ಟೆಗೆ ಬಂತು. ಇ. ಕೋಲೈಯಂಥ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುವ ಪೆನಿಸಿಲಿನ್ ಎಂದು ಅದಕ್ಕೆ ಭರ್ಜರಿ ಸ್ವಾಗತ ದೊರೆಯಿತು. 1965ರಲ್ಲಿ ನಯೋಮಿ ದತ್ತ ಮತ್ತು ಪೊಲಿಕ್ಸೆನಿ ಕೊಂಟೊಮಿಚಾಲೂ ಲಂಡನ್ನಿನಿಂದ ಬರೆದ ವರದಿ ಅಥೆನ್ಸಿನ ಒಬ್ಬ ರೋಗಿಯ ಇ. ಕೋಲೈಯಲ್ಲಿ ಆಂಪಿಸಿಲಿನ್ನನ್ನು ಒಡೆಯುವ, ಪ್ಲಾಸ್ಮಿಡ್ ಮೇಲೆ ಕುಳಿತ ಕಿಣ್ವವೊಂದನ್ನು ಪರಿಚಯಿಸಿತು. ಅದೇ ಮೇಲೆ ಹೇಳಿದ ಟಿಇಎಂ-1. ಆ ರೋಗಿಯ ಹೆಸರಿನ ಮೊದಲ ಅಕ್ಷರಗಳೇ ಕಿಣ್ವದ ಹೆಸರಾದವು. ಒಂದು ದಶಕ ಕಳೆಯುವಷ್ಟರಲ್ಲಿ ಅದು ಖಂಡಾಂತರ ಹೋಗಿತ್ತು. ಇ. ಕೋಲೈಗಷ್ಟೇ ಸೀಮಿತವಾಗಿರದೆ, ಗೊನೊರಿಯಾ ತರುವ ಬ್ಯಾಕ್ಟೀರಿಯಾಕ್ಕೂ, ಮಕ್ಕಳಲ್ಲಿ ಮೆದುಳುಪೊರೆಯ ಉರಿಯೂತ ತರುವ ಹೀಮೊಫಿಲಸ್‌ಗೂ ಹಾರಿತ್ತು.

ಔಷಧ ಕಂಪನಿಗಳ ಉತ್ತರ ಸೆಫಲೊಸ್ಪೊರಿನ್‌ಗಳು, ಅದರಲ್ಲೂ 1980ರ ಸುಮಾರಿಗೆ ಬಂದ ಮೂರನೆಯ ಪೀಳಿಗೆಯ ಸೆಫೊಟ್ಯಾಕ್ಸಿಮ್, ಸೆಫ್‌ಟ್ರಯಾಕ್ಸೋನ್. ಉಂಗುರಕ್ಕೆ ಅಕ್ಕಪಕ್ಕದಲ್ಲಿ ದಪ್ಪ ರಾಸಾಯನಿಕ ಗುಂಪುಗಳನ್ನು ಜೋಡಿಸಿದ್ದರಿಂದ ಟಿಇಎಂ-1ರ ಇಕ್ಕಟ್ಟಾದ ಪೊಟರೆಯಲ್ಲಿ ಅವು ಹಿಡಿಸುತ್ತಿರಲಿಲ್ಲ. ಆದರೆ ಪೊಟರೆ ಸ್ವಲ್ಪ ಅಗಲವಾದರೆ ಸಾಕಿತ್ತು. 1983ರಲ್ಲಿ ಜರ್ಮನಿಯಿಂದ ಬಂದ ವರದಿಯಲ್ಲಿ, ಟಿಇಎಂನ ಹತ್ತಿರದ ಬಂಧುವಾದ ಎಸ್‌ಎಚ್‌ವಿ ಕಿಣ್ವ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಸೆಫೊಟ್ಯಾಕ್ಸಿಮನ್ನು ಒಡೆಯುವಂತಾಗಿತ್ತು. ಈ ಬದಲಾವಣೆಗಳ ವಿಕಾಸವನ್ನು ಪ್ರಯೋಗಾಲಯದಲ್ಲಿ ಅಳೆದದ್ದು ಹಾರ್ವರ್ಡಿನಲ್ಲಿ ಡೇನಿಯಲ್ ವೈನ್‌ರೈಖ್ ಮತ್ತು ಸಂಗಡಿಗರು. 2006ರ ಅವರ ಪ್ರಬಂಧ ಜೀವವಿಕಾಸದ ಬಗ್ಗೆ ನಾನು ಓದಿದ ಅತ್ಯಂತ ಸ್ಪಷ್ಟ ಪ್ರಬಂಧಗಳಲ್ಲಿ ಒಂದು. ಟಿಇಎಂ ಜೀನಿನಲ್ಲಿ ಐದು ಬದಲಾವಣೆಗಳು ಒಟ್ಟಾದರೆ ಸೆಫೊಟ್ಯಾಕ್ಸಿಮ್‌ಗೆ ಪ್ರತಿರೋಧ ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ಐದು ಹೆಜ್ಜೆಗಳನ್ನು 120 ಬೇರೆ ಬೇರೆ ಅನುಕ್ರಮಗಳಲ್ಲಿ ಇಡಬಹುದು. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಲಾಭದಾಯಕವಾಗಿರಬೇಕು ಎಂಬ ನಿಯಮ ಹಾಕಿದರೆ ಅವುಗಳಲ್ಲಿ 102 ದಾರಿಗಳು ನಡುವೆಯೇ ಮುಚ್ಚಿಹೋಗುತ್ತವೆ. ಉಳಿಯುವುದು 18 ಮಾತ್ರ. ವಿಕಾಸ ಬೇಕಾಬಿಟ್ಟಿ ನಡೆಯುವುದಿಲ್ಲ, ತೆರೆದಿರುವ ಕೆಲವೇ ದಾರಿಗಳಲ್ಲಿ ನಡೆಯುತ್ತದೆ, ಆದ್ದರಿಂದ ಅದನ್ನು ಸ್ವಲ್ಪಮಟ್ಟಿಗೆ ಮುಂಚಿತವಾಗಿ ಊಹಿಸಲೂಬಹುದು ಎಂಬ ಮಹತ್ವದ ಮಾತು ಇದರಿಂದ ಹೊರಡುತ್ತದೆ.

ಇಲ್ಲಿ ನನ್ನ ವಾದಕ್ಕೆ ಗಂಭೀರವಾದ ತೊಡಕೊಂದು ಎದುರಾಗುತ್ತದೆ. ಕಿಣ್ವಗಳು ಮೊದಲೇ ಇದ್ದವು ಎಂದೆ. ಆದರೆ ಎಸ್‌ಎಚ್‌ವಿ, ಟಿಇಎಂಗಳ ಈ ಹೊಸ ರೂಪಗಳು ನಮ್ಮ ಔಷಧಿಗಳ ಒತ್ತಡದಿಂದ ನಮ್ಮ ಕಣ್ಣೆದುರೇ ಹುಟ್ಟಿದವಲ್ಲವೆ? ಹೌದು, ಹುಟ್ಟಿದವು. ಸಣ್ಣ ತಿದ್ದುಪಡಿಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂಬುದನ್ನು ಒಪ್ಪಲೇಬೇಕು. ಆದರೆ ಮುಂದೆ ನಡೆದದ್ದನ್ನು ನೋಡಿ. 1989ರ ಹೊತ್ತಿಗೆ ಜರ್ಮನಿಯಲ್ಲಿ ಸಿಟಿಎಕ್ಸ್-ಎಂ ಎಂಬ ಬೇರೊಂದು ಕಿಣ್ವ ಕಾಣಿಸಿಕೊಂಡಿತು. ಹೆಸರಿನ ಕೊನೆಯ ‘ಎಂ’ ಮ್ಯೂನಿಕ್ ನಗರದ್ದು. ಹೊಸ ಶತಮಾನದ ಮೊದಲ ದಶಕದಲ್ಲಿ ಅದು ತಿದ್ದುಪಡಿಗೊಂಡ ಟಿಇಎಂ, ಎಸ್‌ಎಚ್‌ವಿಗಳನ್ನು ಜಗತ್ತಿನ ಬಹುಭಾಗದಲ್ಲಿ ಹಿಂದೆ ಹಾಕಿತು. ಅದು ಯಾವ ಆಸ್ಪತ್ರೆಯಲ್ಲೂ ಹೆಜ್ಜೆ ಹೆಜ್ಜೆಯಾಗಿ ರೂಪುಗೊಂಡದ್ದಲ್ಲ. ಕ್ಲೂವೆರಾ ಎಂಬ, ಮಣ್ಣು ನೀರುಗಳಲ್ಲಿ ಸಿಗುವ, ಮನುಷ್ಯರಿಗೆ ಅಪರೂಪಕ್ಕೆ ತೊಂದರೆ ಕೊಡುವ ಬ್ಯಾಕ್ಟೀರಿಯಾಗಳ ಮುಖ್ಯ ಡಿಎನ್‌ಎಯಲ್ಲಿ ಬಹುಮಟ್ಟಿಗೆ ಅದೇ ಜೀನ್ ಇದೆ. ಚಲಿಸುವ ಡಿಎನ್‌ಎ ತುಣುಕೊಂದು ಅದನ್ನು ಅಲ್ಲಿಂದ ಎತ್ತಿ ಪ್ಲಾಸ್ಮಿಡ್ ಮೇಲೆ ಇಟ್ಟಿತು, ಪ್ಲಾಸ್ಮಿಡ್ ಅದನ್ನು ಇ. ಕೋಲೈಗೆ ತಂದಿತು. ಒಂದೊಂದೇ ಹೆಜ್ಜೆ ಇಟ್ಟು ವಿಕಾಸಗೊಂಡ ಕಿಣ್ವವನ್ನು ಸಿದ್ಧವಾಗಿ ಬಂದ ಕಿಣ್ವ ಸೋಲಿಸಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ಅದರ ರೂಪ ಸಿಟಿಎಕ್ಸ್-ಎಂ-15. ಅದನ್ನು 2001ರಲ್ಲಿ ಮೊದಲು ವರ್ಣಿಸಿದ್ದು ದೆಹಲಿಯ ಮಾದರಿಗಳಿಂದ. ಮೂತ್ರನಾಳದ ಸೋಂಕಿಗೆ ಬಾಯಿಯಿಂದ ಕೊಡುವ ಮಾತ್ರೆಗಳು ಸಾಲದೆ ಡ್ರಿಪ್ ಹಾಕಿಸಿಕೊಳ್ಳಬೇಕಾಗಿ ಬಂದ ಅಸಂಖ್ಯ ರೋಗಿಗಳ ಕಥೆಯ ಹಿಂದೆ ಈ ಕಿಣ್ವವಿದೆ.

ಡ್ರಿಪ್ಪಿನಲ್ಲಿ ಕೊಡುತ್ತಿದ್ದ ಔಷಧಿಗಳಲ್ಲಿ ಅತ್ಯಂತ ಭರವಸೆಯವು ಕಾರ್ಬಪೆನೆಮ್‌ಗಳು: 1985ರಲ್ಲಿ ಬಂದ ಇಮಿಪೆನೆಮ್, ಆಮೇಲಿನ ಮೆರೊಪೆನೆಮ್. ಟಿಇಎಂ, ಸಿಟಿಎಕ್ಸ್-ಎಂಗಳು ಇವನ್ನು ಒಡೆಯಲಾರವು. ಒಡೆಯಬಲ್ಲವು ಬೇರೆ ಬೇರೆ ಮೂಲೆಗಳಿಂದ ಬಂದವು. 1996ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸಿಕ್ಕ ಕ್ಲೆಬ್ಸಿಯೆಲಾದಲ್ಲಿ ಕೆಪಿಸಿ, 2001ರಲ್ಲಿ ಇಸ್ತಾಂಬುಲ್‌ನ ಕ್ಲೆಬ್ಸಿಯೆಲಾದಲ್ಲಿ ಓಎಕ್ಸ್‌ಎ-48. ಮೂರನೆಯದು ನಮ್ಮ ನೆಲದ ಹೆಸರು ಹೊತ್ತದ್ದು. ದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲಾ, ಕೊಟ್ಟ ಬಹುಪಾಲು ಔಷಧಿಗಳಿಗೆ ಬಗ್ಗಲಿಲ್ಲ. ಅದರಲ್ಲಿದ್ದ ಕಿಣ್ವಕ್ಕೆ ನ್ಯೂ ಡೆಲ್ಲಿ ಮೆಟಾಲೊ-ಬೀಟಾ-ಲ್ಯಾಕ್ಟಮೇಸ್, ಎನ್‌ಡಿಎಂ-1 ಎಂದು ಹೆಸರಿಟ್ಟರು. ಹೆಸರಿನ ‘ಮೆಟಾಲೊ’ ಭಾಗ ಗಮನಿಸತಕ್ಕದ್ದು. ಇದಕ್ಕೂ ಟಿಇಎಂಗೂ ಕೆಲಸ ಒಂದೇ ಹೊರತು ವಂಶ ಬೇರೆ. ಇದರ ಪೊಟರೆಯಲ್ಲಿ ಸೆರಿನ್ ಬದಲು ಸತುವಿನ ಎರಡು ಅಯಾನುಗಳಿವೆ. ಅವು ನೀರಿನ ಅಣುವನ್ನು ಚುರುಕುಗೊಳಿಸಿ ನೇರವಾಗಿ ಉಂಗುರದ ಮೇಲೆ ಬಿಡುತ್ತವೆ. ಕಿಣ್ವಕ್ಕೆ ಔಷಧಿ ಅಂಟುವ ಹಂತವೇ ಇಲ್ಲದಿರುವುದರಿಂದ, ಅಂಟಿಸಿ ನಿಲ್ಲಿಸುವ ತಂತ್ರಗಳೂ ನಡೆಯುವುದಿಲ್ಲ. ಜೀನನ್ನು ಓದಿದವರಿಗೆ ಮತ್ತೊಂದು ವಿಚಿತ್ರ ಕಂಡಿತು: ಅದರ ಮೊದಲ ತುದಿ ಬೇರೆಯೇ ವರ್ಗದ ಔಷಧಿಗೆ ಪ್ರತಿರೋಧ ಕೊಡುವ ಇನ್ನೊಂದು ಜೀನಿನಿಂದ ಬಂದದ್ದು. ಎಲ್ಲೋ ಇದ್ದ ಕಿಣ್ವದ ಜೀನ್, ಬಹುಶಃ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಒಳಗೆ, ಮತ್ತೊಂದರ ತುದಿಗೆ ಬೆಸೆದುಕೊಂಡು ಅಲ್ಲಿಂದ ಪಯಣ ಹೊರಟಿದೆ. ಹೊಸದಾಗಿ ಆದದ್ದು ಈ ಜೋಡಣೆ, ಹಾಗೂ ಪಯಣ.

2010ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ಚೆನ್ನೈ, ಹರಿಯಾಣ ಮತ್ತು ಬ್ರಿಟನ್ನಿನ ರೋಗಿಗಳಲ್ಲಿ ಈ ಕಿಣ್ವ ಇರುವುದನ್ನು ತೋರಿಸಿತು. ಅದರ ಮೊದಲ ಲೇಖಕರು ಮದ್ರಾಸ್ ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸಾಮಿ. ಭಾರತದಲ್ಲಿ ಎದ್ದದ್ದು ಕೋಪ. ನಮ್ಮ ರಾಜಧಾನಿಯ ಹೆಸರು ಕೆಡಿಸಿದರು, ವೈದ್ಯಕೀಯ ಪ್ರವಾಸೋದ್ಯಮಕ್ಕೆ ಕಲ್ಲು ಹಾಕಿದರು ಎಂಬ ಮಾತು ಸಂಸತ್ತಿನವರೆಗೂ ಹೋಯಿತು. ಕೋಪದಲ್ಲಿ ನ್ಯಾಯದ ಒಂದು ಅಂಶ ಇತ್ತು. ಊರಿನ ಹೆಸರಿಡುವುದು ಈ ಕ್ಷೇತ್ರದ ವಾಡಿಕೆಯೇ ಆಗಿತ್ತಾದರೂ, ಇಟಲಿಯ ವೆರೋನಾದ ಹೆಸರಿನ ಕಿಣ್ವ ಅದಕ್ಕೂ ಮೊದಲೇ ಇತ್ತಾದರೂ, ಒಂದು ಜನಸಮುದಾಯವನ್ನು ರೋಗದ ಜೊತೆ ಗಂಟುಹಾಕುವ ಹೆಸರುಗಳು ಕೆಟ್ಟವೇ. ಆದರೆ ಹೆಸರಿನ ಜಗಳದಲ್ಲಿ, ಕಿಣ್ವ ಯಾವ ದಾರಿಯಲ್ಲಿ ಹಬ್ಬುತ್ತಿದೆ ಎಂಬ ಮುಖ್ಯ ಪ್ರಶ್ನೆ ಬದಿಗೆ ಸರಿಯಿತು. ಮರುವರ್ಷ ದೆಹಲಿಯ ಮಧ್ಯಭಾಗದ ನೀರಿನ ಮಾದರಿಗಳ ಅಧ್ಯಯನ ಪ್ರಕಟವಾದಾಗಲಂತೂ ಆ ಪ್ರಶ್ನೆಯನ್ನು ಬದಿಗಿಡಲು ನೆಪವೇ ಉಳಿದಿರಲಿಲ್ಲ. ನಲ್ಲಿ ನೀರಿನ 50 ಮಾದರಿಗಳಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ, ಜಿನುಗಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಅದನ್ನು ಹೊತ್ತವುಗಳಲ್ಲಿ ಕಾಲರಾ ತರುವ ಬ್ಯಾಕ್ಟೀರಿಯಾವೂ ರಕ್ತಭೇದಿ ತರುವ ಶಿಗೆಲ್ಲಾವೂ ಇದ್ದವು. ಜೀನ್ ಒಂದರಿಂದ ಇನ್ನೊಂದಕ್ಕೆ ಅತಿ ಸುಲಭವಾಗಿ ದಾಟುತ್ತಿದ್ದುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ದೇಶದ ಚರಂಡಿಗಳಲ್ಲಿ ವರ್ಷದ ಬಹುಕಾಲ ಇರುವ ಉಷ್ಣತೆಯಲ್ಲಿ. ಆಸ್ಪತ್ರೆಯ ಗೋಡೆಯೊಳಗಿನ ಸಮಸ್ಯೆ ಎಂದುಕೊಂಡದ್ದು ಊರಿನ ನೀರಿನಲ್ಲಿತ್ತು. ನೆದರ್ಲೆಂಡ್ಸಿನ ಸುಮಾರು 2,000 ಪ್ರವಾಸಿಗರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೊಂದು ಬದಿಯಿಂದ ಖಚಿತಪಡಿಸಿತು. ಸೆಫಲೊಸ್ಪೊರಿನ್ ಒಡೆಯುವ ಕಿಣ್ವಗಳಿಲ್ಲದೆ ಹೊರಟವರಲ್ಲಿ, ದಕ್ಷಿಣ ಏಷ್ಯಾಕ್ಕೆ ಬಂದುಹೋದ ನಾಲ್ವರಲ್ಲಿ ಮೂವರು ಅವುಗಳನ್ನು ಕರುಳಿನಲ್ಲಿ ಹೊತ್ತು ಮರಳಿದರು. ಅವರಲ್ಲಿ ಬಹುತೇಕರು ಇಲ್ಲಿಯ ಯಾವ ಆಸ್ಪತ್ರೆಯ ಬಾಗಿಲನ್ನೂ ತುಳಿದವರಲ್ಲ. ಉಂಡರು, ನೀರು ಕುಡಿದರು, ಅಷ್ಟೇ. ಕೆಲವೇ ವಾರ ಇದ್ದವರ ಸ್ಥಿತಿ ಇದಾದರೆ, ಇಲ್ಲೇ ಹುಟ್ಟಿ ಬೆಳೆಯುವವರ ಕರುಳಿನಲ್ಲಿ ಏನಿದ್ದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಔಷಧಿಗಳು ಬರುತ್ತವಲ್ಲ ಎಂಬುದು ಎಲ್ಲೆಡೆ ಕೇಳುವ ಸಮಾಧಾನ. ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕಿಣ್ವವನ್ನೇ ನಿಷ್ಕ್ರಿಯಗೊಳಿಸುವ ಸಹಾಯಕ ಅಣುಗಳ ಕಲ್ಪನೆ ಈ ಕ್ಷೇತ್ರದ ಅತ್ಯುತ್ತಮ ಚಿಂತನೆ. ಸ್ಟ್ರೆಪ್ಟೊಮೈಸಿಸ್ ಜಾತಿಯೊಂದರಿಂದ ಸಿಕ್ಕ ಕ್ಲಾವುಲನಿಕ್ ಆಮ್ಲ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲವೆನ್ನುವಷ್ಟು ದುರ್ಬಲ; ಆದರೆ ಕಿಣ್ವದ ಪೊಟರೆಗೆ ಹೊಕ್ಕು ಅಂಟಿ ಅದನ್ನು ಕೆಡಿಸುತ್ತದೆ, ಜೊತೆಗಿರುವ ಅಮಾಕ್ಸಿಸಿಲಿನ್ ಸುರಕ್ಷಿತವಾಗಿ ಗುರಿ ಮುಟ್ಟುತ್ತದೆ. 1981ರಿಂದ ಬಳಕೆಯಲ್ಲಿರುವ ಈ ಜೋಡಿ ಇಂದು ನಮ್ಮ ಪ್ರತಿ ಮೆಡಿಕಲ್ ಶಾಪಿನಲ್ಲಿದೆ. 2015ರಲ್ಲಿ ಬಂದ ಅವಿಬ್ಯಾಕ್ಟಮ್ ಕೆಪಿಸಿಯನ್ನೂ ಓಎಕ್ಸ್‌ಎ-48ನ್ನೂ ತಡೆಯುತ್ತದೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಜೊಬ್ಯಾಕ್ಟಮ್ ಸೆಫೆಪಿಮ್ ಎಂಬ ಔಷಧಿಯ ಜೊತೆಗೂಡಿ 2024ರಲ್ಲಿ ಅಮೆರಿಕದ ಮಂಜೂರಾತಿ ಪಡೆಯಿತು. ಅದು ಸಂತೋಷಪಡಬೇಕಾದ ಸಾಧನೆ. ಆದರೆ ಈ ಮೂರೂ ಸತುವಿನ ಕಿಣ್ವದ ಮುಂದೆ ನಿಲ್ಲುವುದಿಲ್ಲ, ಭಾರತದಲ್ಲಿ ವ್ಯಾಪಕವಾಗಿರುವುದು ಅದೇ. ಎನ್‌ಡಿಎಂ ಒಡೆಯಲಾರದ ಒಂದು ಹಳೆಯ ಔಷಧಿ ಇದೆ, ಅಜ್‌ಟ್ರಿಯೊನಮ್. ಅದನ್ನು ಒಡೆಯುವ ಸಿಟಿಎಕ್ಸ್-ಎಂ ಸಾಮಾನ್ಯವಾಗಿ ಎನ್‌ಡಿಎಂ ಜೊತೆಯಲ್ಲೇ ಅದೇ ಬ್ಯಾಕ್ಟೀರಿಯಾದಲ್ಲಿರುತ್ತದೆ. ಹಾಗಾಗಿ ಅಜ್‌ಟ್ರಿಯೊನಮ್ ಮತ್ತು ಅವಿಬ್ಯಾಕ್ಟಮ್‌ಗಳನ್ನು ಕೂಡಿಸಬೇಕಾಯಿತು. ಈ ಜೋಡಿಗೆ ಯುರೋಪಿನಲ್ಲಿ 2024ರಲ್ಲಿ ಮಂಜೂರಾತಿ ಸಿಕ್ಕಿದೆ. ಜೀವ ಉಳಿಸುವ ಔಷಧಿ ಇದು, ಬೇಕೇ ಬೇಕು. ಆದರೆ ಈವರೆಗಿನ ಎಂಬತ್ತು ವರ್ಷಗಳ ದಾಖಲೆ ನೋಡಿ: ಉಂಗುರದ ಒಂದೊಂದು ಹೊಸ ರೂಪಕ್ಕೂ ಅದನ್ನು ಒಡೆಯುವ ಕಿಣ್ವ ಜಗತ್ತಿನಲ್ಲಿ ಎಲ್ಲೋ ಇತ್ತು. ಹೆಸರಿಟ್ಟ ಬೀಟಾ-ಲ್ಯಾಕ್ಟಮೇಸ್‌ಗಳ ಸಂಖ್ಯೆಯೇ ಈಗ ಸಾವಿರಗಳಲ್ಲಿದೆ. ಔಷಧಿ ಸಮಯ ಗಳಿಸಿಕೊಡುತ್ತದೆ. ಗಳಿಸಿದ ಸಮಯದಲ್ಲಿ ನಾವೇನು ಮಾಡುತ್ತೇವೆ ಎಂಬುದು ಬೇರೆ ಪ್ರಶ್ನೆ.

ಔಷಧಿಯ ಬಳಕೆಯನ್ನು ಕಡಿಮೆ ಮಾಡಿದರೆ ಕಿಣ್ವ ಹೊತ್ತವು ತಾವಾಗಿ ಮಾಯವಾಗುತ್ತವೆ ಎಂಬ ಇನ್ನೊಂದು ವಾದವಿದೆ. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಾಕ್ಕೆ ಹೊರೆ, ಅಗತ್ಯವಿಲ್ಲದಾಗ ಹೊರೆ ಇಳಿಸುತ್ತದೆ ಎಂಬ ತರ್ಕ ಅದು. ತರ್ಕ ಸರಿ, ಆದರೆ ಅರ್ಧ. ಹೊರೆಯನ್ನು ಹಗುರಗೊಳಿಸುವ ಬದಲಾವಣೆಗಳು ಬ್ಯಾಕ್ಟೀರಿಯಾದಲ್ಲಿ ಬೇಗ ಕೂಡಿಬರುತ್ತವೆ. ಅಲ್ಲದೆ ಒಂದೇ ಪ್ಲಾಸ್ಮಿಡ್ ಮೇಲೆ ನಾಲ್ಕೈದು ಬಗೆಯ ಔಷಧಿಗಳ ಪ್ರತಿರೋಧ ಒಟ್ಟಿಗೆ ಕುಳಿತಿರುತ್ತದೆ. ಮೆರೊಪೆನೆಮ್ ನಿಲ್ಲಿಸಿ ಬೇರೆ ವರ್ಗದ ಔಷಧಿ ಕೊಟ್ಟರೂ ಎನ್‌ಡಿಎಂ ಹೊತ್ತದ್ದೇ ಉಳಿಯುತ್ತದೆ. ಬಳಕೆ ತಗ್ಗಿಸುವುದು ಅನಿವಾರ್ಯ, ಆದರೆ ಅದೊಂದೇ ಸಾಕಾಗದು.

ಇದರ ಪಕ್ಕದಲ್ಲೇ ಇರುವ, ನಮ್ಮಲ್ಲಿ ತುಂಬ ಜನಪ್ರಿಯವಾದ ನಂಬಿಕೆ ಎಂದರೆ ತಪ್ಪು ರೋಗಿಯದು ಎಂಬುದು. ಚೀಟಿಯಿಲ್ಲದೆ ಮಾತ್ರೆ ಕೊಳ್ಳುತ್ತಾನೆ, ಜ್ವರ ಇಳಿದ ಕೂಡಲೇ ನಿಲ್ಲಿಸುತ್ತಾನೆ ಎಂದು ದೂರುತ್ತೇವೆ. ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಪ್ರಮಾಣದ ಪೆನಿಸಿಲಿನ್ನಿನ ಅಪಾಯವನ್ನು ಹೇಳಿದ್ದರು. ಭಾರತ ಸರ್ಕಾರ ಹಲವು ಪ್ರಬಲ ಔಷಧಿಗಳನ್ನು ಎಚ್1 ಅನುಸೂಚಿಗೆ ಸೇರಿಸಿ, 2014ರಿಂದ ಮೆಡಿಕಲ್ ಶಾಪಿನವರು ವೈದ್ಯರ, ರೋಗಿಯ ಹೆಸರು ಬರೆದಿಡುವ ನಿಯಮ ತಂದದ್ದು ಸರಿಯಾದ ಕ್ರಮ. ಆದರೆ 2018ರಲ್ಲಿ ಪೀಟರ್ ಕಾಲಿಗ್ನನ್ ಮತ್ತು ಸಂಗಡಿಗರು ಹಲವು ದೇಶಗಳ ಅಂಕಿಅಂಶಗಳನ್ನು ಹೋಲಿಸಿದಾಗ ಕಂಡದ್ದು ಯೋಚಿಸತಕ್ಕದ್ದು. ದೇಶಗಳ ನಡುವಿನ ಪ್ರತಿರೋಧದ ವ್ಯತ್ಯಾಸದ ಜೊತೆ ಗಟ್ಟಿಯಾಗಿ ಹೊಂದಿಕೊಂಡದ್ದು ಔಷಧಿ ಬಳಕೆಯ ಪ್ರಮಾಣವಲ್ಲ. ನೈರ್ಮಲ್ಯದಂಥ ಮೂಲಸೌಕರ್ಯ ಮತ್ತು ಆಡಳಿತದ ಗುಣಮಟ್ಟ. ಇಂಥ ಹೋಲಿಕೆಗಳಿಂದ ಕಾರಣ ಸಿದ್ಧವಾಗುವುದಿಲ್ಲ, ಬಡತನವೊಂದೇ ಎಲ್ಲವನ್ನೂ ಒಟ್ಟಿಗೆ ಎಳೆಯುತ್ತಿರಬಹುದು ಎಂದು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ತೂಕವಿದೆ. ಅದಕ್ಕಾಗಿಯೇ ಒಂದೇ ದೇಶದಲ್ಲಿ, ಮೊದಲು ಮತ್ತು ನಂತರ ಅಳೆದ ಉದಾಹರಣೆ ಬೇಕು. ಅದು ಇಸ್ರೇಲಿನಲ್ಲಿ ಸಿಗುತ್ತದೆ. 2006ರಲ್ಲಿ ಕೆಪಿಸಿ ಹೊತ್ತ ಕ್ಲೆಬ್ಸಿಯೆಲಾ ಅಲ್ಲಿಯ ಆಸ್ಪತ್ರೆಗಳಲ್ಲಿ ಕಾಡ್ಗಿಚ್ಚಾಗಿತ್ತು. 2007ರ ಮಾರ್ಚ್‌ನಲ್ಲಿ ಸರ್ಕಾರ ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ಒಂದೇ ನಿಯಮ ಹಾಕಿತು. ಬ್ಯಾಕ್ಟೀರಿಯಾ ಹೊತ್ತ ರೋಗಿಗಳನ್ನು ಪ್ರತ್ಯೇಕ ಇಡಬೇಕು, ಅವರಿಗೆ ಬೇರೆಯೇ ದಾದಿಯರಿರಬೇಕು, ಪ್ರತಿ ದಿನದ ಲೆಕ್ಕ ಕೇಂದ್ರಕ್ಕೆ ಹೋಗಬೇಕು. ಆ ಮಾರ್ಚ್‌ನಲ್ಲಿ ಒಂದು ಲಕ್ಷ ರೋಗಿ-ದಿನಗಳಿಗೆ 55.5 ಇದ್ದ ಹೊಸ ಪ್ರಕರಣಗಳು 2008ರ ಮೇ ವೇಳೆಗೆ 11.7ಕ್ಕೆ ಇಳಿದವು. ಹೊಸ ಔಷಧಿಯೊಂದೂ ಬಂದಿರಲಿಲ್ಲ. ಮುಚ್ಚಿದ್ದು ದಾರಿ ಮಾತ್ರ. ಇಸ್ರೇಲಿನ ಆಸ್ಪತ್ರೆಗೂ ಒಂದು ಮಂಚದಲ್ಲಿ ಇಬ್ಬರು ಮಲಗುವ ನಮ್ಮ ವಾರ್ಡಿಗೂ ಎಲ್ಲಿಯ ಹೋಲಿಕೆ ಎಂದರೆ, ಆ ಮಾತೇ ನನ್ನ ವಾದವನ್ನು ಬಲಪಡಿಸುತ್ತದೆ: ಒಂದು ಮಂಚಕ್ಕೆ ಒಬ್ಬರೇ ರೋಗಿ ಎಂಬುದನ್ನೂ ಪ್ರತಿರೋಧದ ವಿರುದ್ಧದ ಚಿಕಿತ್ಸೆಯ ಪಟ್ಟಿಗೆ ಸೇರಿಸಬೇಕು.

ಕಳೆದುಕೊಳ್ಳುತ್ತಿರುವುದು ಏನೆಂದು ಅಂಕಿಗಳು ಹೇಳುತ್ತವೆ. 2019ರಲ್ಲಿ ಜಗತ್ತಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸತ್ತವರು 12.7 ಲಕ್ಷ ಎಂಬುದು 2022ರ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲಕ್ಕೆ ದೊಡ್ಡ ಆಸ್ಪತ್ರೆಗಳಿಂದ ಬರುವ ಕ್ಲೆಬ್ಸಿಯೆಲಾ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಕಾರ್ಬಪೆನೆಮ್‌ಗೆ ಬಗ್ಗುವುದಿಲ್ಲ. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ರಕ್ತದ ನಂಜನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮುಂಚೂಣಿಯಲ್ಲಿದ್ದವು ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲಾ. ಸೋಂಕುಗಳಲ್ಲಿ ಹೆಚ್ಚಿನವು ಹುಟ್ಟಿದ ಮೂರು ದಿನಗಳೊಳಗೆ ತಗುಲಿದವು. ಎರಡು ದಿನದ ಮಗು ಯಾವ ಔಷಧಿಯನ್ನೂ ದುರುಪಯೋಗ ಮಾಡಿರುವುದಿಲ್ಲ. ಕಿಣ್ವ ಹೊತ್ತ ಬ್ಯಾಕ್ಟೀರಿಯಾ ಆ ಮಗುವನ್ನು ತಲುಪಿದ್ದು ಹೆರಿಗೆ ಕೋಣೆಯ ಕೈಗಳಿಂದ, ನೀರಿನಿಂದ, ಉಪಕರಣಗಳಿಂದ. ಹೆರಿಗೆ ಕೋಣೆಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಬರುವ ನಲ್ಲಿ, ಕೈ ತೊಳೆಯಲು ಪುರುಸೊತ್ತು ಸಿಗುವಷ್ಟು ದಾದಿಯರು, ಯಾವ ಔಷಧಿ ಕೆಲಸ ಮಾಡುತ್ತದೆಂದು ಹೇಳಬಲ್ಲ ಕಲ್ಚರ್ ಪರೀಕ್ಷೆಯ ಪ್ರಯೋಗಾಲಯ, ಆಸ್ಪತ್ರೆಯ ಕೊಳಚೆಯನ್ನು ಶುದ್ಧೀಕರಿಸದೆ ಹೊರಬಿಡದ ವ್ಯವಸ್ಥೆ: ಇವನ್ನು ನಾವು ಅನುಕೂಲಗಳ ಲೆಕ್ಕದಲ್ಲಿ ಬರೆಯುತ್ತೇವೆ. ಬರೆಯಬೇಕಾದ್ದು ಔಷಧಿಗಳ ಲೆಕ್ಕದಲ್ಲಿ. ಮುಂದಿನ ಸಲ ನಿಮ್ಮ ತಾಲ್ಲೂಕಿಗೋ ಜಿಲ್ಲೆಗೋ ಆಸ್ಪತ್ರೆಯ ಹೊಸ ಕಟ್ಟಡ ಮಂಜೂರಾದಾಗ ಎಷ್ಟು ಹಾಸಿಗೆ ಎಂದು ಕೇಳುವ ಜೊತೆಗೆ ಇದನ್ನೂ ಕೇಳಿ: ಕಲ್ಚರ್ ಪರೀಕ್ಷೆ ಇಲ್ಲೇ ಆಗುತ್ತದೆಯೇ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?